ಹತ್ತರವರೆಗೆ ಎಣಿಸುವ ಕೈ

ರಾಮದುರ್ಗದ ಹಳೇ ಓಣಿಯೊಂದರಲ್ಲಿ ಬೆಳಗಿನ ಐದೂವರೆಗೇ ಒಂದು ಬಾಗಿಲು ತೆರೆದಿದೆ. ಹೊಲಗಳ ಪಂಪುಗಳು ಶುರುವಾಗುವ ಮೊದಲಿನ ಈ ಒಂದು ತಾಸು ಕರೆಂಟು ಏರಿಳಿತವಿಲ್ಲದೆ ಬರುತ್ತದೆ. ರಿಪೇರಿಯಾದ ಸೆಟ್ಟನ್ನು ಪರೀಕ್ಷಿಸಲು ಇದೇ ಹೊತ್ತು. ಪಡಸಾಲೆಯನ್ನೇ ಅಂಗಡಿ ಮಾಡಿಕೊಂಡ ಐವತ್ನಾಲ್ಕರ ನಿಜಗುಣಪ್ಪ, ಮುಚ್ಚಳ ಬಿಚ್ಚಿದ ಹೋಮ್ ಥಿಯೇಟರ್ ರಿಸೀವರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಐದು ಸ್ಪೀಕರುಗಳಿಗೆ ದನಿ ಹಂಚುವ ಈ ಪೆಟ್ಟಿಗೆಗೆ ಇಲ್ಲಿ 'ಡಬ್ಬಿ' ಎಂದೇ ಹೆಸರು. ಅರ್ಧ ತಾಸು ಓಡಿದ ಡಬ್ಬಿಯೊಳಗೆ, ಬಿಸಿಯನ್ನು ಹೊರಹಾಕುವ ಅಲ್ಯೂಮಿನಿಯಂ ಪಟ್ಟಿಗೆ ಅಂಗೈ ಒತ್ತಿ ಮೆಲ್ಲಗೆ ಎಣಿಸುತ್ತಾರೆ. ಒಂದು, ಎರಡು, ಮೂರು. ಹತ್ತು ಮುಗಿದರೂ ಕೈ ಅಲ್ಲೇ ಇದೆ.

ಹಿಂದೆ ನಿಂತ ಹೆಂಡತಿ ಸುಂದರವ್ವ ಬಾಗಿ ಅದೇ ಪಟ್ಟಿ ಮುಟ್ಟುತ್ತಾರೆ. ಎರಡು ಎಣಿಸುವುದರೊಳಗೆ ಕೈ ಕಿತ್ತುಕೊಂಡು ಸೆರಗಿಗೆ ಒತ್ತುತ್ತಾರೆ.

"ಕೈ ತಗೀರಿ ಮೊದಲ! ಕೆಂಡ ಆಗೇತಿ."

ನಿಜಗುಣಪ್ಪ ಕೈ ತೆಗೆದು ನೋಡಿಕೊಳ್ಳುತ್ತಾರೆ. ಚರ್ಮ ಕೆಂಪಾಗಿದೆ. ಅವರಿಗೆ ಮಾತ್ರ ಏನೂ ಅನಿಸಿಲ್ಲ.

ಹದಿನೆಂಟು ವರ್ಷಗಳ ಹಿಂದೆ, ೧೯೮೯ರಲ್ಲಿ ಅಂಗಡಿ ಇಟ್ಟಾಗಿನಿಂದ ಈ ಎಣಿಕೆಯೇ ಅವರ ಗ್ಯಾರಂಟಿ. ಹತ್ತರೊಳಗೆ ಕೈ ತಾನಾಗಿ ಹಿಂದೆ ಸರಿದರೆ ಸೆಟ್ಟಿನಲ್ಲಿ ಇನ್ನೂ ದೋಷವಿದೆ. ಹತ್ತೂ ತಡೆದರೆ ಮನೆಗೆ ಒಯ್ಯಬಹುದು. ಬಂದವರು ರಸೀದಿ ಕೇಳುತ್ತಿರಲಿಲ್ಲ, "ಹತ್ತ ಎಣಿಸೀರೇನ್ರಿ?" ಎಂದಷ್ಟೇ ಕೇಳಿ ಸೆಟ್ಟು ಬಗಲಿಗೆ ಏರಿಸುತ್ತಿದ್ದರು. ತೊಂಬತ್ತರ ದಶಕದಲ್ಲಿ ದಿನಕ್ಕೆ ಎಂಟು ಟೇಪ್ ರೆಕಾರ್ಡರ್ ಬರುತ್ತಿದ್ದವು. ಈಗ ವಾರಕ್ಕೆ ಎರಡು ಡಬ್ಬಿ ಬಂದರೆ ಹೆಚ್ಚು. ಕೆಟ್ಟದ್ದನ್ನು ಒಗೆದು ಹೊಸದು ತರುವ ಕಾಲ ಬಂದಿದೆ ಎಂದು ಗೊಣಗುತ್ತಲೇ ಅವರು ಬಂದಷ್ಟನ್ನು ಎಣಿಸಿ ಕೊಡುತ್ತಿದ್ದರು.

ಶುಗರ್ ಬಂದು ಹತ್ತು ವರ್ಷ. ಮೊದಲು ಪಾದ ಜೋಮು ಹಿಡಿಯಿತು, ಎರಡು ವರ್ಷಗಳಿಂದ ಕೈ. ಯಾರಿಗೂ ಹೇಳಲಿಲ್ಲ. ತಮಗೆ ತಾವೂ ಹೇಳಿಕೊಳ್ಳಲಿಲ್ಲ.

"ಯಾವ ಸೆಟ್ ಮುಟ್ಟಿದ್ರೂ ತಣ್ಣಗ ಇರ್ತಿತ್ರಿ," ಎನ್ನುತ್ತಾರೆ. "ವಯಸ್ಸಾದಂಗ ಕೆಲಸ ಛಲೋ ಆಗಾಕತ್ತೇತಿ ಅಂತ ಒಳಗೊಳಗ ಹೆಮ್ಮಿ ಬ್ಯಾರೆ ಪಟ್ನಿ."

ಆ ಹೆಮ್ಮೆ ಹೋದ ವಾರ ಸಾಲಹಳ್ಳಿಯ ಸಾವಿತ್ರೆವ್ವನ ಮನೆಯಲ್ಲಿ ಮುರಿದು ಬಿತ್ತು. ಈಗ ಎದುರಿಗಿರುವುದು ಸುಟ್ಟ ಭಾಗ ಬದಲಿಸಿದ ಅವರದೇ ಡಬ್ಬಿ. ಗಂಡ ಶಂಕ್ರೆಪ್ಪ ಲಕ್ವ ಹೊಡೆದು ಮೂರು ವರ್ಷಗಳಿಂದ ಹೊರಸು ಹಿಡಿದು ಮಲಗಿದ್ದಾರೆ. ಕಿವಿಯೂ ಮಂದ. ಬೆಳಗಿನಿಂದ ಸಂಜೆಯವರೆಗೆ ದೊಡ್ಡ ದನಿಯಲ್ಲಿ ಭಜನೆ ಕೇಳುವುದೊಂದೇ ಅವರ ಪಾಲಿಗೆ ಉಳಿದ ಸುಖ. ಮಾರ್ಚಿನಲ್ಲಿ ಡಬ್ಬಿ ಬಿಸಿಯಾಗುತ್ತಿದೆಯೆಂದು ಸಾವಿತ್ರೆವ್ವ ಹೊತ್ತು ತಂದಾಗ ಅದರ ಮೇಲೆ ಪುಟ್ಟದೊಂದು ಕೌದಿ ಇತ್ತು, ಹಳೆ ಸೀರೆಗಳ ತುಂಡು ಜೋಡಿಸಿ ಅವರೇ ಹೊಲಿದದ್ದು. ಧೂಳು ಕೂರದಿರಲೆಂದು ಹೊದಿಸಿದ್ದರು.

"ಅದಕೇನ ಥಂಡಿ ಹತ್ತೇತೇನ್ರಿ ಅಕ್ಕಾರ?" ಎಂದು ನಿಜಗುಣಪ್ಪ ನಗೆಯಾಡಿದರು. ಒಂದು ಬಿಡಿಭಾಗ ಬದಲಿಸಿದರು, ಹತ್ತು ಎಣಿಸಿದರು, ತಪ್ಪೆಲ್ಲ ಕೌದಿಯದು ಎಂದು ಹೇಳಿ ಕಳಿಸಿದರು.

ಹೋದ ವಾರ ಸಾವಿತ್ರೆವ್ವ ಹೊಲಕ್ಕೆ ಹೋದಾಗ, ಕೌದಿ ಇಲ್ಲದ ಡಬ್ಬಿಯಿಂದ ಹೊಗೆ ಎದ್ದು, ಶಂಕ್ರೆಪ್ಪನ ತಲೆದಿಂಬಿಗೆ ಕಿಡಿ ಹತ್ತಿತು. ಅವರಿಗೆ ಏಳಲು ಬರುವುದಿಲ್ಲ, ಕೂಗಲೂ ಬರುವುದಿಲ್ಲ. ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯ ರಾಯವ್ವ ವೈರು ಕಿತ್ತು, ಹೊರಸನ್ನೇ ಬಾಗಿಲತನಕ ಎಳೆದಳು. ಸುಟ್ಟದ್ದು ದಿಂಬು ಮತ್ತು ಒಂದಿಷ್ಟು ಕೂದಲು. ಸುದ್ದಿ ಕೇಳಿದ ದಿನವೇ ಸುಂದರವ್ವ ಗಂಡನ ಕೈಗೆ ಬಿಸಿ ಚಹಾದ ಲೋಟ ಒತ್ತಿ ನೋಡಿದರು. ಮುಚ್ಚಿಟ್ಟದ್ದು ಆಗ ಬಯಲಾಯಿತು.

ಎಂಟರ ಬಸ್ಸಿಗೆ ಸಾವಿತ್ರೆವ್ವ ಬರುತ್ತಾರೆ. ಹೊಸ್ತಿಲಲ್ಲೇ ನಿಂತು ಕೈ ಜೋಡಿಸುತ್ತಾರೆ.

"ಕೌದಿ ಅವತ್ತ ತಗದೇನ್ರಿ ಅಣ್ಣಾರ, ದೇವರಾಣಿ. ಮತ್ತ ನಂದೇನ ತಪ್ಪಾತ್ರಿ? ಇದನ್ನ ರಿಪೇರಿ ಮಾಡ್ತೀರೋ, ಒಗದು ಹೊಸಾದ ತರ್ಲೋ? ಅವರು ಭಜನಿ ಹಚ್ಚು ಅಂತ ಕಣ್ಣಾಗ ಕೇಳತಾರ."

ತಪ್ಪನ್ನು ವೋಲ್ಟೇಜಿನ ಏರಿಳಿತದ ಮೇಲೆ ಹಾಕಬಹುದಿತ್ತು. ಈ ಊರಲ್ಲಿ ಆ ಮಾತನ್ನು ಯಾರೂ ಅನುಮಾನಿಸುವುದಿಲ್ಲ. ನಿಜಗುಣಪ್ಪ ನೆಲ ನೋಡುತ್ತಾರೆ.

"ತಪ್ಪು ನಿಮ್ಮದಲ್ಲರಿ ಅಕ್ಕಾರ, ಕೌದೀದೂ ಅಲ್ಲ. ನನ್ನ ಕೈ ಸತ್ತೇತಿ. ಬಿಸಿ ತಿಳಿಯೂದಿಲ್ಲ. ಸುಡೋ ಸೆಟ್ಟಿಗೂ ಹತ್ತ ಎಣಿಸಿ ಕೊಟ್ಟೇನಿ. ಹೊಸಾದ ತಗೋರಿ."

ಸಾವಿತ್ರೆವ್ವ ಬೈಯುವುದಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಡಬ್ಬಿಯನ್ನೇ ನೋಡುತ್ತ ಕೇಳುತ್ತಾರೆ: "ಹೊಸಾದಕ್ಕ ಹತ್ತ ಎಣಿಸವರು ಯಾರ್ರಿ?"

ಬಿಸಿ ಅಳೆಯುವ ಮೀಟರನ್ನು ಹುಬ್ಬಳ್ಳಿಯಿಂದ ತರಬಹುದು, ಆದರೆ ಎಲ್ಲಿ ಅಳೆಯಬೇಕೆಂದು ಮೊದಲು ಹೇಳುತ್ತಿದ್ದುದು ಕೈ. ಸುಂದರವ್ವ ತನ್ನ ಕೈ ಕೊಡುತ್ತೇನೆಂದರೆ ನಿಜಗುಣಪ್ಪ ಒಪ್ಪುವುದಿಲ್ಲ. ಹೆಂಡತಿಯ ಬೆರಳ ಮೇಲೆ ಆಗಲೇ ಬೊಬ್ಬೆ ಎದ್ದಿದೆ.

ಅವರನ್ನು ಹಿಂಡುತ್ತಿರುವುದು ಉಳಿದ ಡಬ್ಬಿಗಳು. ಕೈ ಸತ್ತ ಈ ಎರಡು ವರ್ಷಗಳಲ್ಲಿ ಹತ್ತು ಎಣಿಸಿ ಕೊಟ್ಟದ್ದು ಇನ್ನೂರರ ಹತ್ತಿರ. ಮನೋಳಿ, ಸವದತ್ತಿ, ರಾಮದುರ್ಗ ಎಂದು ಒಂದು ವಾರದಿಂದ ಸೈಕಲ್ಲು, ಬಸ್ಸು ಹಿಡಿದು ಇಪ್ಪತ್ಮೂರು ಮನೆ ಹುಡುಕಿ ಎಚ್ಚರಿಸಿ ಬಂದಿದ್ದಾರೆ. ಉಳಿದವರ ಹೆಸರು ಬರೆದಿಟ್ಟಿಲ್ಲ, ಮುಖವೂ ನೆನಪಿಲ್ಲ. ಅವರೆಲ್ಲ ಹತ್ತರ ಎಣಿಕೆ ನಂಬಿ ನಿಶ್ಚಿಂತೆಯಿಂದ ಡಬ್ಬಿ ಹಚ್ಚುತ್ತಿದ್ದಾರೆ.

ಸಾವಿತ್ರೆವ್ವ ಖಾಲಿ ಕೈಯಲ್ಲಿ ಬಸ್ಸಿನ ಕಡೆ ನಡೆಯುತ್ತಾರೆ. ನಿಜಗುಣಪ್ಪ ಡಬ್ಬಿಯನ್ನು ಇನ್ನೊಮ್ಮೆ ಚಾಲೂ ಮಾಡಿ, ಕಾಯಲು ಬಿಟ್ಟು, ಪಟ್ಟಿಗೆ ಅಂಗೈ ಒತ್ತುತ್ತಾರೆ. ಏನಾದರೂ ಆಸೆ ಉಳಿದಿದೆಯೇ ಎಂದರೆ ತಲೆ ಎತ್ತದೆ ಹೇಳುತ್ತಾರೆ:

"ಒಮ್ಮೆ ಮೂರಕ್ಕ ಕೈ ಸುಡಬೇಕ್ರಿ. ಅಷ್ಟ ಸಾಕು."

ಎಣಿಕೆ ಏಳು ದಾಟುತ್ತದೆ.