ಓಣಿಗೆಲ್ಲ ವಿಶ್ರಾಂತಿ

ಇವತ್ತು ಅಂಗಳ ಸಾರಿಸಿದೆ, ಬಾವಿಯಿಂದ ನೀರು ತಂದೆ, ಜೋಳ ಹಸನು ಮಾಡಿದೆ, ಮಗ್ಗದ ಕಂಡಿಕೆಗೆ ನೂಲು ಸುತ್ತಿಟ್ಟೆ, ಮನೆಯವರಿಗೆ ಗಂಜಿ ಕುಡಿಸಿದೆ. ಇಷ್ಟೆಲ್ಲ ಮಾಡಿದ್ದು ಬೆಕ್ಕಿನ ಹಾಗೆ ಸದ್ದಿಲ್ಲದೆ. ಯಾಕೆಂದರೆ ನಮ್ಮ ಮನೆಯಲ್ಲಿ ವಿಶ್ರಾಂತಿ ನಡೆದಿತ್ತು.

ಮೊನ್ನೆ ಮನೆಯವರ ಜ್ವರ ಇಳಿದಾಗ ರೋಣದ ಡಾಕ್ಟರರು ನಾಡಿ ಹಿಡಿದು ನೋಡಿ, "ಔಷಧ ಸಾಕು. ಇನ್ನ ಪೂರಾ ವಿಶ್ರಾಂತಿ ಬೇಕು. ನಿದ್ದಿ ಆಗಲಿಲ್ಲಂದ್ರ ಜ್ವರ ತಿರುಗಿ ಬಂದೀತು" ಎಂದು ಹೇಳಿ ಬಸ್ಸು ಹಿಡಿದರು. ಈ ವಿಶ್ರಾಂತಿ ದಿನಕ್ಕೆಷ್ಟು ಚಮಚ ಎಂದು ಹೇಳಲಿಲ್ಲ.

ಆ ಶಬ್ದ ನಮ್ಮ ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಅಷ್ಟಾಗಿ ಓಡಾಡಿದ್ದಲ್ಲ. ಕಾಲು ಸೋತರೆ ಕಾಲು ಇಳಿಬಿಟ್ಟು ಕೂಡುವ ಮಗ್ಗದ ಕುಣಿಯಿಂದ ಎದ್ದು ರಾಟಿ ತಿರುವುತ್ತೇವೆ, ಅಷ್ಟೇ. ನರಗುಂದದಲ್ಲಿ ಕಾಳಿನ ವ್ಯಾಪಾರ ಮಾಡುವ ನಮ್ಮಣ್ಣ ಮಾತ್ರ ಊಟವಾದ ಮೇಲೆ ಚೀಲಕ್ಕೆ ಒರಗಿ ವಿಶ್ರಾಂತಿ ತೆಗೆದುಕೊಳ್ಳುತ್ತಾನೆ. ಅದಕ್ಕೆ ಅವನ ಹೆಂಡತಿ, ನಮ್ಮ ವೈನಿ, ಇಟ್ಟಿರುವ ಹೆಸರನ್ನು ಇಲ್ಲಿ ಬರೆಯುವುದು ಚಲೋ ಅಲ್ಲ.

ನನ್ನ ಲೆಕ್ಕದಲ್ಲಿ ವಿಶ್ರಾಂತಿ ಎಂದರೆ ಸಪ್ಪಳ ಇಲ್ಲದಿರುವುದು. ನಾನು ನಮ್ಮ ಮಗ್ಗ ಮುಟ್ಟಲಿಲ್ಲ. ಗೋಡೆಯಾಚೆಯ ಸಿದ್ದವ್ವಕ್ಕನಿಗೆ ಹೇಳಿದೆ. ಆಕೆ ತನ್ನ ಮಗ್ಗ ನಿಲ್ಲಿಸಿ ಎದುರುಮನೆಗೂ ಹೇಳಿದಳು. ಒಳ್ಳೆಯತನ ಅಂಟುಜಾಡ್ಯದ ಹಾಗೆ ಹಬ್ಬಿ, ನಿನ್ನೆ ಹೊತ್ತೇರುವುದರೊಳಗೆ ಓಣಿಯ ಮಗ್ಗಗಳೆಲ್ಲ ಬಾಯಿ ಮುಚ್ಚಿದವು. ಮನೆಯವರು ಮಾತ್ರ ಕಣ್ಣು ಮುಚ್ಚಲಿಲ್ಲ. ನಿನ್ನೆಯೂ ಇಲ್ಲ, ಇವತ್ತೂ ಇಲ್ಲ. ಮುಟ್ಟಿ ನೋಡಿದರೆ ಮೈ ಮತ್ತೆ ಬೆಚ್ಚಗಿತ್ತು.

ಮಧ್ಯಾಹ್ನ ಮನೆಯವರು ನನ್ನನ್ನು ಹತ್ತಿರ ಕರೆದರು. "ಖರೇ ಹೇಳು. ಯಾರು ಹೋದ್ರು?"

"ಎಲ್ಲಿಗ್ರಿ?"

"ನನ್ನ ಮುಂದ ಮುಚ್ಚಬ್ಯಾಡ. ಓಣ್ಯಾಗ ಒಂದು ಮಗ್ಗದ ಸಪ್ಪಳಿಲ್ಲ. ಸಿದ್ದವ್ವನ ಗಂಡನೇನು?"

ಆಗ ಹೊಳೆಯಿತು. ನಮ್ಮಲ್ಲಿ ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುವುದು ಓಣಿಯಲ್ಲಿ ಯಾರಾದರೂ ತೀರಿಕೊಂಡಾಗ. ಪಾಪ, ಮಲಗಿದಲ್ಲೇ ಒಂದೊಂದು ಮನೆಯ ಹಿರಿಯರನ್ನು ಮನಸ್ಸಿನಲ್ಲೇ ಮಣ್ಣು ಮಾಡಿ ಬಂದಿದ್ದಾರೆ!

"ಯಾರೂ ಹೋಗಿಲ್ರಿ. ನಿಮಗ ನಿದ್ದಿ ಹತ್ತಲಿ ಅಂತ ನಿಲ್ಲಿಸ್ಯಾರ."

"ಅಂದ್ರ ನಾ ಜೀವಂತ ಇದ್ದಾಗನ ಸೂತಕ ಹಿಡದೀರೇನು?"

ಗೋಡೆಯಾಚೆಯಿಂದ ಸಿದ್ದವ್ವಕ್ಕನ ದನಿ ಬಂತು: "ಅಣ್ಣಾ, ನಮ್ಮನಿಯವ್ರು ಇಲ್ಲೇ ರೊಟ್ಟಿ ತಿನ್ನಾಕ ಹತ್ಯಾರ. ಅವ್ರನ್ನ ಎಲ್ಲಿಗೆ ಕಳಸ್ತೀಯಪಾ?" ಹಿಂದೆಯೇ ಆಕೆಯ ಮಗ್ಗ ಖಟಖಟ ಎಂದಿತು. ಎದುರುಮನೆಯದೂ ದನಿಗೂಡಿಸಿತು. ನಾನೂ ನಮ್ಮ ಮಗ್ಗದ ಕುಣಿಗೆ ಇಳಿದೆ. ನೂಲು ಸುತ್ತುವಷ್ಟು ಚಂದ ನೇಯಲು ನನಗೆ ಬಾರದು.

"ಹೊಡತ ಮೆತ್ತಗಾತು," ಹಾಸಿಗೆಯಿಂದ ಅಪ್ಪಣೆ.

ಜೋರಾಗಿ ಹೊಡೆದೆ.

"ಈಗ ಭಾಳ ಬಿರುಸಾತು."

"ಈಗ ಹ್ಯಾಂಗ್ರಿ?"

ಕತ್ತು ಚಾಚಿ ನೋಡಿದೆ: ಬಾಯಿ ತೆರೆದು ಗೊರಕೆ. ಡಾಕ್ಟರರು ಅಳತೆ ಹೇಳದೆ ಹೋದದ್ದೇ ಸರಿ. ಎಲ್ಲರೂ ಇದ್ದಾರೆ ಎಂದು ತಿಳಿಯುವಷ್ಟು ಸಪ್ಪಳ ಮನುಷ್ಯನಿಗೆ ಬೇಕು. ಅದರ ಅಳತೆ ಅವರವರ ಓಣಿಗೇ ಗೊತ್ತು.

ಸಂಜೆ ಮೈ ತಣ್ಣಗಿತ್ತು. ಅವರು ಮೆತ್ತಗಿನ ಅನ್ನಕ್ಕೆ ಹೆಸರುಬೇಳೆಯ ಕಟ್ಟು ಕಲಸಿಕೊಂಡು ಉಂಡರು. ನಾನು ರೊಟ್ಟಿ, ಪುಂಡಿಪಲ್ಲೆ. ಸಿದ್ದವ್ವಕ್ಕನ ಮಗ್ಗ ಇನ್ನೂ ನಡೆದೇ ಇತ್ತು. ಆ ಸಪ್ಪಳ ನಿಲ್ಲುವ ಮೊದಲೇ ನಮ್ಮ ಮನೆಯವರು ನಿದ್ದೆಹೋದರು.