ತೊಟ್ಟು ಮೇಷ್ಟ್ರು

ಬೀದಿಗೆಲ್ಲ ತೊಟ್ಟು ಮೇಷ್ಟ್ರು ಎಂದೇ ಹೆಸರಾದ ಈ ನಿವೃತ್ತ ಲೆಕ್ಕದ ಮೇಷ್ಟ್ರನ್ನು ಹೆಂಡತಿ ಈಗೀಗ ಗುರುತು ಹಿಡಿಯುವುದು ಅಂಗಾಲಿನಿಂದ; ಮಿಕ್ಕ ಮೈಯೆಲ್ಲ ಹಗಲಿಡೀ ಅವರ ಹಳೇ ಕ್ಯಾಂಪರ್ ವ್ಯಾನಿನ ಅಡಿಯಲ್ಲೇ ಇರುತ್ತದೆ. ಒಳಗೆ ಒಲೆ, ಮಂಚ, ಸಿಂಕು ಇರುವ ವ್ಯಾನದು. ನಿಂತಲ್ಲೇ ಎಣ್ಣೆ ಸೋರುತ್ತದೆ ಎಂಬುದೊಂದು ಬಿಟ್ಟರೆ ಬಂಗಾರದಂಥದ್ದು. ಸಂಜೆ ಎಂಜಿನ್ನಿನ ಕೆಳಗೆ ರಟ್ಟು ಹಾಸುತ್ತಾರೆ, ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಅದನ್ನು ಎಳೆದು, ಬಿದ್ದ ತೊಟ್ಟುಗಳಿಗೆಲ್ಲ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ‘ಹದಿನಾಲ್ಕು. ಸುಧಾರಿಸಬೇಕು’ ಎಂದು ಷರಾ ಬರೆಯುತ್ತಾರೆ. ‘ತೊಟ್ಟಿಕ್ಕೋದು ಒಂದು ಕಡೆ, ಸೋರೋದು ಇನ್ನೊಂದು ಕಡೆ ಕಣೇ. ಕಳ್ಳ ಯಾವಾಗಲೂ ಮೇಲಿರ್ತಾನೆ’ ಎಂದು ಪಾಠ ಮಾಡುತ್ತ, ಒದ್ದೆಯಾದ ಜಾಗ ಎದ್ದು ಕಾಣಲೆಂದು ಎಂಜಿನ್ನಿಗೆಲ್ಲ ಅವಳ ಪೌಡರ್ ಬಳಿಯುತ್ತಾರೆ. ‘ಮದುವೆ ದಿನ ನನ್ನ ಮುಖಕ್ಕೂ ಇಷ್ಟು ಹಚ್ಚಿರಲಿಲ್ಲ’ ಎಂದು ಅವಳು ಗೊಣಗುತ್ತಾಳೆ. ಹೋದ ವಾರ ಕಳ್ಳ ಸಿಕ್ಕೇಬಿಟ್ಟ: ಎಂಜಿನ್ ನೆತ್ತಿಯ ಮುಚ್ಚಳದಡಿ ಸವೆದುಹೋದ ರಬ್ಬರ್ ಪಟ್ಟಿ. ಹೊಸದು ಹಾಕಿದರು. ಮರುದಿನ ರಟ್ಟಿನ ಮೇಲೆ ಒಂದು ತೊಟ್ಟೂ ಇರಲಿಲ್ಲ. ‘ಇನ್ನು ಎಲ್ಲಿಗೆ ಹೋಗೋಣ್ರೀ?’ ಎಂದು ಅವಳು ಹಿಗ್ಗಿದರೆ, ಮೇಷ್ಟ್ರು ಕೆಂಪು ಪೆನ್ನು ಹಿಡಿದು, ನಿವೃತ್ತರಾದ ಮೊದಲ ವಾರ ತಿದ್ದಲು ಏನೂ ಇಲ್ಲದೆ ನಿಂತಿದ್ದರಲ್ಲ, ಹಾಗೇ ನಿಂತಿದ್ದರು. ಮೂರನೇ ದಿನ ಅವಳಿಗೆ ನೋಡಲಾಗಲಿಲ್ಲ. ಅವರು ಏಳುವ ಮೊದಲೇ ಚಮಚದಿಂದ ರಟ್ಟಿನ ಮೇಲೆ ಒಂದು ತೊಟ್ಟು ಬಿಟ್ಟು ಬಂದಳು. ಮೇಷ್ಟ್ರು ಅದನ್ನು ಬೆರಳಲ್ಲಿ ತೀಡಿದರು, ಮೂಸಿದರು, ‘ಏ, ಇನ್ನೂ ಸೋರ್ತಾ ಇದೆ ಕಣೇ, ಪೌಡರ್ ತಾ!’ ಎಂದು ಕೂಗಿ ವ್ಯಾನಿನಡಿ ನುಗ್ಗಿದರು. ಡಬ್ಬಿ ಹಿಡಿದು ಬಂದವಳಿಗೆ ಮೊದಲು ಕಂಡದ್ದು ರಟ್ಟಿನ ಮೇಲಿನ ಷರಾ: ‘ಅಡುಗೆ ಎಣ್ಣೆ. ನೂರಕ್ಕೆ ನೂರು.’