ಬಾಗಿಲ ಮೇಲಿನ ರಾಟೆ

ಮಾನ್ಯ ಓದುಗರ ಗಮನಕ್ಕೆ ತರಬಯಸುವುದೇನೆಂದರೆ, ನಮ್ಮ ಮನೆಯ ನಡುಕೋಣೆಯ ಬಾಗಿಲನ್ನು ಬಹಳ ಕಾಲದಿಂದ ಮುಚ್ಚಲಾಗಿರಲಿಲ್ಲ. ಚೌಕಟ್ಟಿಗೆ ಕಟ್ಟಿದ ಪುಟ್ಟ ಕಬ್ಬಿಣದ ರಾಟೆ ಮತ್ತು ಅದರಿಂದ ಇಳಿಬಿದ್ದ ನೀಲಿ ಹಗ್ಗವೇ ಇದಕ್ಕೆ ಕಾರಣ. ಇಂದು ಬೆಳಿಗ್ಗೆ ಪತ್ನಿ ಹೇಳಿದಳು: "ಕೈ ಸರಿ ಆಯ್ತಲ್ಲ, ಇನ್ನಾದ್ರೂ ಅದನ್ನ ಬಿಚ್ಚಿ ಮಾರಾಯ್ರೆ. ಬಂದವರೆಲ್ಲ ಒಳಗೆ ಎಂತ ಬಾವಿ ಉಂಟಾ ಅಂತ ಕೇಳ್ತಾರೆ." ಕುರ್ಚಿ ಹತ್ತಿ ಮುಟ್ಟಿದೆ. ರಾಟೆ ಕಿರುಗುಟ್ಟಿತು. ಕಟ್ಟಿದವನ ನೆನಪಾಗಿ, ಬಿಚ್ಚದೆಯೇ ಇಳಿದೆ.

ನನ್ನ ಎಡಭುಜಕ್ಕೆ ಪೆಟ್ಟಾದ ಬಗೆಯನ್ನು ನಿವೇದಿಸಲು ಸಂಕೋಚವಿದೆ. ಮರದಿಂದ ಬಿದ್ದಿದ್ದರೆ ಹೇಳಿಕೊಳ್ಳಬಹುದಿತ್ತು. ನಾನು ಬಿದ್ದದ್ದು ಬಚ್ಚಲುಮನೆಯಲ್ಲಿ. ಎಣ್ಣೆ, ಬಿಸಿನೀರು, ಬಂದವರ ಸಲಹೆ ಎಲ್ಲ ಮುಗಿದು, ಕೈ ಕಿವಿಯ ಮಟ್ಟಕ್ಕೂ ಏರದಾದಾಗ ಕೊಪ್ಪದ ಫಿಸಿಯೋಥೆರಪಿ ಕೊಠಡಿಗೆ ಹಾಜರಾದೆ. ಅಲ್ಲಿನ ಬೆಂಚಿನಲ್ಲಿ, ಬಲಗೈಯನ್ನು ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದವನು ಕಡಹಿನಬೈಲಿನ ಮಂಜಪ್ಪ.

ಅವನದು ದೋಟಿಯ ಕೆಲಸ. ಉದ್ದನೆಯ ಫೈಬರ್ ಕೋಲನ್ನು ನೆಲದಲ್ಲೇ ನಿಂತು ಮರದ ತುದಿಗೆ ಏರಿಸಿ ಅಡಿಕೆಗೊನೆ ಕೊಯ್ಯುವುದು. ದೋಟಿ ಬಂದ ಮೇಲೆ ಮರದಿಂದ ಬೀಳುವ ಭಯ ಹೋಯಿತು. ಭಾರವೆಲ್ಲ ಭುಜಕ್ಕೆ ಬಂತು. ಅವನ ಭುಜದ ಸ್ನಾಯು ತುಸು ಹರಿದಿತ್ತು. "ಈ ಕೊಯ್ಲು ಮರೆತುಬಿಡಿ, ಕೈ ಉಳೀತದೆ" ಎಂದಿದ್ದರು ಫಿಸಿಯೋಥೆರಪಿಸ್ಟ್ ಮೇಡಂ. "ಕೊಯ್ಲು ಬಿಟ್ರೆ ಮುಂದಿನ ವರ್ಷ ನನ್ನನ್ನ ಯಾರು ಕರೀತಾರೆ?" ಎಂದಿದ್ದ ಅವನು.

ಮೇಡಂ ಕಲಿಸಿದ ಮೊದಲ ಪಾಠ ಇದು: "ನೋವಿನ ಕೈ ತಾನಾಗಿ ಏಳಬಾರದು. ಒಳ್ಳೆ ಕೈ ಅದನ್ನ ಎತ್ತಿಕೊಡಬೇಕು." ರಾಟೆಯ ಹಗ್ಗದ ಒಂದು ತುದಿಯನ್ನು ಒಳ್ಳೆಯ ಕೈ ಕೆಳಗೆಳೆದರೆ, ಇನ್ನೊಂದು ತುದಿ ಹಿಡಿದ ನೋವಿನ ಕೈ ಮೇಲೇರುತ್ತದೆ. ಬಳಿಕ ಗೋಡೆಯ ಮೇಲೆ ಬೆರಳುಗಳನ್ನು ನಡೆಸಿ, ತಲುಪಿದಲ್ಲಿ ಪೆನ್ಸಿಲ್ ಗೆರೆ. ನಮ್ಮಿಬ್ಬರ ಗೆರೆಗಳಿಗೂ ಪೈಪೋಟಿ ಹುಟ್ಟಿತು. "ಕೈ ಎತ್ತಿ ಅಂದ್ರೆ ಇಬ್ರೂ ಹಿಮ್ಮಡಿ ಎತ್ತುತ್ತೀರಲ್ಲ!" ಎಂದು ಮೇಡಂ ಗದರುತ್ತಿದ್ದರು.

ಒಂದು ಭಾನುವಾರ ಮಂಜಪ್ಪ ನರಸಿಂಹರಾಜಪುರದ ಅಂಗಡಿಯಿಂದ ರಾಟೆ ತಂದು, ಎಡಗೈ ಮತ್ತು ಹಲ್ಲುಗಳಿಂದಲೇ ಗಂಟು ಬಿಗಿದು ನಮ್ಮ ಬಾಗಿಲಿಗೆ ಕಟ್ಟಿದ.

"ನಿನ್ನ ಮನೇಲಿ ಕಟ್ಟಿದ್ಯಾ?" ಎಂದು ಕೇಳಿದೆ.

"ನಂಗೆಂತಕ್ಕೆ? ದೋಟಿ ಇಲ್ವಾ? ಅದೂ ಮೇಲೆ ಹೋಗ್ತದೆ, ಕೆಳಗೆ ಬರ್ತದೆ. ಕೊಪ್ಪದಲ್ಲಿ ಎಳೆದ್ರೆ ದುಡ್ಡು ನಾನು ಕೊಡ್ಬೇಕು, ತೋಟದಲ್ಲಿ ಎಳೆದ್ರೆ ಅವ್ರು ಕೊಡ್ತಾರೆ!"

ತಮಾಷೆಯೆಂದು ನಾವೆಲ್ಲ ನಕ್ಕೆವು. ಅವನು ನಿಜವಾಗಿ ಹಾಗೆಯೇ ನಂಬಿದ್ದ.

ಕೊಯ್ಲು ಶುರುವಾಗಿ ಕೆಲವೇ ದಿನಗಳಲ್ಲಿ ಬೆಂಚು ಖಾಲಿಯಾಯಿತು. ಗೊನೆ ಸಮೇತ ವಾಲಿದ ದೋಟಿಯನ್ನು ತಡೆಯಹೋಗಿ, ಉಳಿದಿದ್ದ ಸ್ನಾಯುವೂ ಹರಿಯಿತಂತೆ. ಗೋಡೆಯ ಮೇಲೆ ಅವನ ಗೆರೆ ನಿಂತಲ್ಲೇ ನಿಂತಿತು. ನನ್ನದು ಅದನ್ನು ದಾಟಿದ ದಿನ ಮೇಡಂ ಪೆನ್ಸಿಲನ್ನು ಮೇಜಿನ ಮೇಲಿಟ್ಟರು.

ಕಳೆದ ವಾರ ಶೃಂಗೇರಿ ಬಳಿಯ ಮೆಣಸೆಯಲ್ಲಿ ಒಂದು ಮದುವೆಯೂಟ. ಪಂಕ್ತಿಯ ಕಟ್ಟಕಡೆಯ ಎಲೆಯ ಮುಂದೆ ಮಂಜಪ್ಪನಿದ್ದ. ಎಡಗೈಯಲ್ಲಿ ಉಣ್ಣುವಂತಿಲ್ಲ, ಆದ್ದರಿಂದ ಎಡ ಅಂಗೈಯನ್ನು ಬಲ ಮೊಣಕೈಯ ಕೆಳಗಿಟ್ಟು, ಪ್ರತಿ ತುತ್ತನ್ನೂ ಬಾಯಿಗೆ ಎತ್ತಿಕೊಡುತ್ತಿದ್ದ. ನಾನು ಪಕ್ಕದಲ್ಲಿ ಕುಳಿತೆ.

"ನೋಡಿ, ಈಗ ವ್ಯಾಯಾಮ ತಪ್ಪಿಸೋ ಹಾಗೇ ಇಲ್ಲ" ಎಂದು ನಕ್ಕ. ಪಾಯಸ ಬಂದಾಗ ಬೇಡವೆಂದ. ಎಲೆಯನ್ನೇ ನೋಡುತ್ತ ಕೇಳಿದ: "ಆ ರಾಟೆ ಈಗ್ಲೂ ಉಂಟಾ?"

"ಉಂಟು" ಎಂದೆ. ಅವನು ಎಡ ಅಂಗೈಯನ್ನು ಮತ್ತೆ ಮೊಣಕೈಯ ಕೆಳಗಿಟ್ಟ.

ಇಂದು ಮಧ್ಯಾಹ್ನ ಮತ್ತೆ ಕುರ್ಚಿ ಹತ್ತಿದೆ. ಹಲ್ಲಿನಿಂದ ಬಿಗಿದ ಗಂಟು ಸುಲಭಕ್ಕೆ ಸಡಿಲಲಿಲ್ಲ. ನನ್ನ ಎಡಗೈ ಅಷ್ಟು ಹೊತ್ತೂ ನೋವಿಲ್ಲದೆ ತಲೆಯ ಮೇಲಿತ್ತು. ರಾಟೆ ಕೆಳಗಿಳಿಯಿತು, ಬಾಗಿಲು ಮುಚ್ಚಿತು, ಪತ್ನಿಗೆ ಸಮಾಧಾನವಾಯಿತು.

ಈಗ ಕಡಹಿನಬೈಲಿನ ಬಸ್ಸಿನಲ್ಲಿದ್ದೇನೆ. ರಾಟೆ ಚೀಲದಲ್ಲಿದೆ. "ಈಗ ಎಂತಕ್ಕೆ ಮಾರಾಯ್ರೆ?" ಎಂದು ಅವನು ಕೇಳದಿರುವುದಿಲ್ಲ. ಉತ್ತರ ಹೇಳುವ ಮೊದಲು ಅವನ ಮನೆಯ ಕುರ್ಚಿ ಹತ್ತಿ, ಅವನ ಬಾಗಿಲಿಗೆ ಗಂಟು ಬಿಗಿಯುವುದೆಂದು ತೀರ್ಮಾನಿಸಿರುತ್ತೇನೆ.